ಮೊದಲು ಕಲ್ಲನ್ನು ಕೇಳು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಮಂದಿಯೆಲ್ಲ ಆಡಿಕೊಳ್ಳುತ್ತಾರೆ. ನಿಜವೇ. ಆದರೆ ನನ್ನಿಂದ ಆದ ಅನಾಹುತಕ್ಕೆ ಸಿಟ್ಟಿಗಿಂತ ಜಾಣತನ ಹೆಚ್ಚು ಕಾರಣ. ಮೂರು ದಿನ, ದಿನಾ ಬೆಳಗ್ಗೆ, ಫೋನಿನಲ್ಲಿ ಒಂದೇ ಒಂದು ಮಾತು ಹೇಳಿದೆ. ಅಷ್ಟಕ್ಕೇ ಐನೂರು ವರ್ಷದ ಗೋಡೆಯಿಂದ ಒಬ್ಬ ಹೆಂಗಸಿನ ಮುಖ ಉದುರಿಬಿತ್ತು. ಗೋಡೆ ಇರುವುದು ಸ್ಲೊವಾಕಿಯಾದಲ್ಲಿ. ನಾನು ಮಾತಾಡಿದ್ದು ಡಬ್ಲಿನ್ನಿನ ಲೂಕನ್‌ನಲ್ಲಿರುವ ನಮ್ಮ ಅಡುಗೆಮನೆಯಿಂದ.

ಪಕ್ಕದ ಮನೆಯ ಶ್ಟೆಫಾನ್ ಸ್ಲೊವಾಕಿಯಾದವನು. ನಮ್ಮದು ಜೋಡಿ ಮನೆ, ನಡುವೆ ಒಂದೇ ಗೋಡೆ. ಅವನು ಕೆಮ್ಮಿದರೆ ನನಗೆ ಕೇಳುತ್ತಿತ್ತು, ನಾನು ಫೋನಿನಲ್ಲಿ ಜಗಳವಾಡಿದರೆ ಅವನಿಗೆ ಕೇಳುತ್ತಿತ್ತು. ಸ್ಯಾಂಡಿಫರ್ಡ್‌ನ ಆಫೀಸು ಕಟ್ಟಡಗಳಲ್ಲಿ ಲಿಫ್ಟ್ ರಿಪೇರಿ ಮಾಡುವುದು ಅವನ ಕೆಲಸ. ನಾನೂ ಅಲ್ಲೇ ಒಂದು ಕಂಪನಿಗೆ ಸಾಫ್ಟ್‌ವೇರ್ ಬರೆಯುವವಳು. ಒಂದು ಸಲ ನಾನು ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡು ಒಳಗಿನಿಂದಲೇ ಎಲ್ಲರನ್ನೂ ಬಯ್ಯುತ್ತಿದ್ದಾಗ ಬಾಗಿಲು ತೆಗೆದವನು ಅವನೇ. 'ಈ ದನಿ ಎಲ್ಲೋ ಕೇಳಿದ್ದೀನಲ್ಲ' ಎಂದ. ನನಗಿಂತ ಇಪ್ಪತ್ತು ವರ್ಷ ದೊಡ್ಡವನು, ಆದರೂ ಹೆಸರು ಹಿಡಿದೇ ಕರೆ ಎಂದು ಹಟ ಮಾಡಿದ್ದರಿಂದ ನಾನೂ ಏಕವಚನಕ್ಕೆ ಇಳಿದುಬಿಟ್ಟೆ.

ನನ್ನ ಗಂಡ ಪೃಥ್ವಿ ವಾಟರ್‌ಫರ್ಡ್‌ನ ಆಸ್ಪತ್ರೆಯಲ್ಲಿ ಡಾಕ್ಟರು. ಕೋವಿಡ್ ಶುರುವಾದ ಮೇಲೆ ಅಲ್ಲೇ ರೂಮು ಮಾಡಿಕೊಂಡು, ಎರಡು ವಾರಕ್ಕೊಮ್ಮೆ ಮುಖ ತೋರಿಸಿ ಹೋಗುತ್ತಿದ್ದ. ಆಫೀಸು ಮುಚ್ಚಿತ್ತು. ಮನೆಯಿಂದ ಐದು ಕಿಲೋಮೀಟರ್ ದಾಟುವಂತಿರಲಿಲ್ಲ. ಹಾಗಾಗಿ ಆ ಚಳಿಗಾಲವಿಡೀ ನನ್ನ ಮಾತಿಗೆ ಸಿಕ್ಕ ಜೀವ ಅಂದರೆ ಶ್ಟೆಫಾನ್ ಒಬ್ಬನೇ. ಹಿತ್ತಲಿನ ಬೇಲಿಯ ಆಚೆ ಅವನು, ಈಚೆ ನಾನು, ಕೈಯಲ್ಲಿ ಒಂದೊಂದು ಮಗ್ ಚಹಾ.

ಅವನಿಗೆ ಮಾತಾಡಲು ಇದ್ದದ್ದು ಒಂದೇ ವಿಷಯ. ಅವನ ಊರಿನ ಹೊಳೆಯ ದಂಡೆಯಲ್ಲಿರುವ ಹಳೆಯ ಮಠದ ಚರ್ಚು. ಬಿಳಿ ನಿಲುವಂಗಿ ತೊಡುತ್ತಿದ್ದ ಸನ್ಯಾಸಿಗಳು ಕಟ್ಟಿಸಿದ್ದು. ನಮ್ಮ ಕಡೆಯ ಮಠಗಳ ಹಾಗೆಯೇ ಅಲ್ಲೂ ಬಂದವರಿಗೆ ಊಟ ಇತ್ತಂತೆ, ಔಷಧಿಯನ್ನೂ ಕೊಡುತ್ತಿದ್ದರಂತೆ. ಒಂದು ಸಲ ಪ್ಲೇಗು ಬಂದು ಸನ್ಯಾಸಿಗಳೆಲ್ಲ ಮಲಗಿಬಿಟ್ಟರು. ಊರಿನ ಹತ್ತು ಜನ ಸರದಿ ಹಾಕಿಕೊಂಡು ಹೊಳೆಯಿಂದ ನೀರು ಹೊತ್ತು ತಂದು ಅವರಿಗೆ ಕುಡಿಸಿದರು. ಬದುಕಿ ಉಳಿದ ಸನ್ಯಾಸಿಗಳು ಆ ಹತ್ತು ಜನರನ್ನು ಚರ್ಚಿನ ಉತ್ತರದ ಗೋಡೆಯ ಮೇಲೆ ಚಿತ್ರವಾಗಿ ಬರೆಸಿದರು. ಅವರಲ್ಲಿ ಸಂತರೂ ಇಲ್ಲ, ರಾಜರೂ ಇಲ್ಲ, ಎಲ್ಲರೂ ನೀರು ಹೊತ್ತ ಜನ. ಸಾಲಿನ ಕೊನೆಯವಳು ಹೂಜಿ ಹಿಡಿದ ಹೆಂಗಸು. ಅವಳೊಬ್ಬಳು ಮಾತ್ರ ಕತ್ತು ಹಿಂತಿರುಗಿಸಿ, ಚಿತ್ರ ನೋಡುವವರ ಕಡೆಗೆ ನೋಡುತ್ತಾಳೆ.

ಸಾವಿರದ ಒಂಬೈನೂರ ಐವತ್ತರಲ್ಲಿ ಅಲ್ಲಿನ ಸರ್ಕಾರ ಮಠಗಳನ್ನೆಲ್ಲ ಒಂದೇ ಏಟಿಗೆ ಮುಚ್ಚಿಸಿ, ಸನ್ಯಾಸಿಗಳನ್ನು ಲಾರಿಗೆ ತುಂಬಿಕೊಂಡು ಹೋಯಿತು. ಲಾರಿ ಹತ್ತುವ ಮುಂಚೆ ಒಬ್ಬ ಮುದುಕ ಸನ್ಯಾಸಿ ಎದುರುಮನೆಯ ಹೆಂಗಸಿನ ಕೈಗೆ ಎರಡು ವಸ್ತು ಕೊಟ್ಟ. ಒಂದು ಚರ್ಚಿನ ಬೀಗದ ಕೈ, ಇನ್ನೊಂದು ಅಂಗೈಯಗಲದ ಚಪ್ಪಟೆ ಕರಿಕಲ್ಲು. ಚರ್ಚು ದವಸದ ಉಗ್ರಾಣವಾಯಿತು. ಗೋಡೆಗೆ ಸುಣ್ಣ ಬಳಿದರು. ನೀರು ಹೊತ್ತ ಹತ್ತು ಜನ ನಲವತ್ತು ವರ್ಷ ಸುಣ್ಣದ ಕೆಳಗೆ ಉಳಿದರು. ಆ ಎದುರುಮನೆಯ ಹೆಂಗಸಿನ ಮಗಳೇ ಮಾರ್ಗಿತಾ. ಎಪ್ಪತ್ತಾರು ವರ್ಷ, ಊರಿನ ಶಾಲೆಯಲ್ಲಿ ಟೀಚರಾಗಿದ್ದವರು. ಈಗ ಬೀಗದ ಕೈಯೂ ಕಲ್ಲೂ ಅವರ ಹತ್ತಿರ ಇವೆ.

ಕಲ್ಲಿನ ಕೆಲಸ ಹೀಗೆ. ಅದು ದಿನವಿಡೀ ಚರ್ಚಿನೊಳಗೆ, ಆ ಚಿತ್ರದ ಗೋಡೆಯ ಬುಡದಲ್ಲೇ ಇರುತ್ತದೆ. ಬೆಳಗ್ಗೆ ಅದನ್ನು ಒರೆಸಿ, ಹೊರಗೆ ತಂದು, ಬಾಗಿಲು ಎಳೆದುಕೊಂಡು, ಹೊಸ್ತಿಲ ಮೇಲೆ ಇಡಬೇಕು. ಹತ್ತು ನಿಮಿಷ ಬಿಟ್ಟು ನೋಡಬೇಕು. ಒಣಗಿದ್ದರೆ ಕಿಟಕಿ ಬಾಗಿಲು ತೆರೆದು ಗಾಳಿ ಆಡಿಸಬಹುದು. ಕಲ್ಲು ಬೆವರಿದ್ದರೆ ಆ ದಿನ ಏನನ್ನೂ ತೆರೆಯಕೂಡದು. ಸನ್ಯಾಸಿಗಳು ಹೀಗೆಯೇ ಮಾಡುತ್ತಿದ್ದರಂತೆ, ಮಾರ್ಗಿತಾ ಅವರ ತಾಯಿ ದವಸದ ಮೂಟೆಗಳ ನಡುವೆಯೂ ಹೀಗೆಯೇ ಮಾಡಿದರಂತೆ.

ಇಷ್ಟೆಲ್ಲ ಶ್ಟೆಫಾನ್‌ಗೆ ಏಕೆ ಬೇಕಿತ್ತು ಅಂದರೆ, ಜುಜಾನಾ. ಅವನ ಹೆಂಡತಿ. ಗೋಡೆಯ ಸುಣ್ಣವನ್ನು ಸಣ್ಣ ಚಾಕುವಿನಲ್ಲಿ ಕೆರೆದು ಕೆರೆದು ಆ ಹತ್ತು ಜನರನ್ನು ಹೊರಗೆ ತಂದವಳು ಅವಳು. ವಾರಕ್ಕೆ ಅಂಗೈಯಗಲ ಸಾಗಿದರೆ ಹೆಚ್ಚು. ಹನ್ನೊಂದು ವರ್ಷ ಹಿಡಿಯಿತು. ಹೂಜಿ ಹಿಡಿದವಳ ಮುಖ ಕಟ್ಟಕಡೆಗೆ ಸಿಕ್ಕಿದ್ದು. ಅದಾದ ಎರಡು ತಿಂಗಳಿಗೆ ಜುಜಾನಾ ಕ್ಯಾನ್ಸರಿನಿಂದ ತೀರಿಕೊಂಡಳು. ಮಕ್ಕಳಿರಲಿಲ್ಲ. ಶ್ಟೆಫಾನ್‌ಗೆ ಆ ಊರಿನಲ್ಲಿ ನಿಲ್ಲಲಾಗಲಿಲ್ಲ, ಐರ್ಲೆಂಡಿಗೆ ಬಂದುಬಿಟ್ಟ. ಆದರೆ ಗೋಡೆಯನ್ನು ಬಿಡಲಾಗಲಿಲ್ಲ. ಚರ್ಚಿನ ಒಳಗೂ ಹೊರಗೂ ತೇವ ಅಳೆಯುವ ನಾಲ್ಕು ಪುಟ್ಟ ಸೆನ್ಸರ್ ಕೂರಿಸಿ, ಇಲ್ಲಿಂದಲೇ ಅವುಗಳ ಲೆಕ್ಕ ನೋಡುತ್ತಿದ್ದ. ದಿನಾ ಬೆಳಗ್ಗೆ ಏಳಕ್ಕೆ ಮಾರ್ಗಿತಾಗೆ ಫೋನು. ಅವರು ಕಲ್ಲಿನ ಸಮಾಚಾರ ಹೇಳುವರು, ಇವನು ತೆರೆಯಿರಿ ಅಥವಾ ಮುಚ್ಚಿ ಎನ್ನುವನು. ನಡುಗೋಡೆಯ ಈಚೆ ಕಾಫಿ ಸೋಸುತ್ತ ನಾನು ಆ ಎರಡು ಮಾತು ದಿನಾ ಕೇಳುತ್ತಿದ್ದೆ. ತೆರೆಯಿರಿ ಅನ್ನಲು ಓತ್ವೊರ್ತೆ, ಮುಚ್ಚಿ ಅನ್ನಲು ಜವ್ರಿತೆ.

"ಅವಳ ಕೈಬೆರಳು ಹತ್ತು ಸಾವಿರ ಸಲ ಮುಟ್ಟಿದ ಜಾಗ ಅದು. ಅವಳದು ಅಂತ ನನಗೆ ಉಳಿದಿರೋದು ಅದೊಂದೇ," ಎಂದಿದ್ದ ಒಂದು ದಿನ ಬೇಲಿಯ ಹತ್ತಿರ. ಬಿಸ್ಕತ್ತು ಕೊಟ್ಟೆ.

ಜನವರಿಯ ಒಂದು ಶನಿವಾರ ಅವನ ಲ್ಯಾಪ್‌ಟಾಪಿನ ಪರದೆ ನೋಡಿದೆ. ನಾಲ್ಕು ಸೆನ್ಸರು, ಸಾಲುಸಾಲು ಅಂಕಿ, ಒಂದಕ್ಕೂ ಬಣ್ಣವಿಲ್ಲ. ನನ್ನ ಕೈ ಸುಮ್ಮನಿರಲಿಲ್ಲ. ಎರಡು ದಿನ ಕೂತು ಚೆಂದದ ಪುಟವೊಂದನ್ನು ಮಾಡಿಕೊಟ್ಟೆ. ಒಳಗಿನ ತೇವ ಹೊರಗಿಗಿಂತ ಹೆಚ್ಚಿದ್ದರೆ ದೊಡ್ಡ ಹಸಿರು ಚೌಕ, ಅಂದರೆ ತೆರೆ. ಕಡಿಮೆ ಇದ್ದರೆ ಕೆಂಪು, ಅಂದರೆ ಮುಚ್ಚು. ಮಗುವಿಗೂ ಅರ್ಥವಾಗಬೇಕು ಎಂದು ಬೀಗಿದೆ. ಶ್ಟೆಫಾನ್ ನೋಡಿದ.

"ಗ್ರ್ಯಾಂಡ್. ಬಣ್ಣ ಚೆನ್ನಾಗಿದೆ. ಆದ್ರೆ ಮೊದಲು ಕಲ್ಲನ್ನ ಕೇಳಬೇಕು, ಆಮೇಲೆ ಇದನ್ನ ನೋಡಬೇಕು," ಎಂದ. ಐರ್ಲೆಂಡಿನವರು ಎಲ್ಲದಕ್ಕೂ ಅನ್ನುವ 'ಗ್ರ್ಯಾಂಡ್', ಅಂದರೆ ಚೆನ್ನಾಗಿದೆ, ಅವನ ಬಾಯಿಗೂ ಹತ್ತಿತ್ತು.

ನನಗೆ ಸ್ವಲ್ಪ ಉರಿಯಿತು. ಇಷ್ಟು ಕಷ್ಟಪಟ್ಟು ಮಾಡಿಕೊಟ್ಟರೆ ಕಲ್ಲಂತೆ ಕಲ್ಲು ಎಂದುಕೊಂಡು ಒಳಗೆ ಬಂದೆ. ನಮ್ಮಜ್ಜಿ ಹಲ್ಲಿ ಲೊಚಗುಟ್ಟಿದರೆ ಪ್ರಯಾಣ ನಿಲ್ಲಿಸುತ್ತಿದ್ದರು. ಕಲ್ಲನ್ನೂ ನಾನು ಆ ಪಟ್ಟಿಗೇ ಸೇರಿಸಿದೆ.

ಮಾರ್ಚಿನಲ್ಲಿ, ಮೆರವಣಿಗೆ ಇಲ್ಲದ ಸೇಂಟ್ ಪ್ಯಾಟ್ರಿಕ್ ಹಬ್ಬ ಕಳೆದ ಮೇಲೆ, ನಡುಗೋಡೆಯ ಆಚೆ ಕೆಮ್ಮು ಶುರುವಾಯಿತು. ಐದನೆಯ ದಿನಕ್ಕೆ ಅದು ನಿಲ್ಲದ ಕೆಮ್ಮಾಯಿತು. ಶುಕ್ರವಾರ ಮಧ್ಯಾಹ್ನ ಆಂಬ್ಯುಲೆನ್ಸ್ ಬಂತು. ಶ್ಟೆಫಾನ್ ನಡೆದುಕೊಂಡೇ ಹೊರಗೆ ಬಂದ, ಮಾಸ್ಕು ಹಾಕಿಕೊಂಡು, ಚಪ್ಪಲಿಯಲ್ಲಿ. ನಾನು ಗೇಟಿನಲ್ಲಿ ನಿಂತಿದ್ದೆ. ಹತ್ತಿರ ಹೋಗುವ ಹಾಗಿರಲಿಲ್ಲ.

"ನಾಳೆಯಿಂದ ನೀನು ಫೋನ್ ಮಾಡ್ಬೇಕು. ನಾನು ಮಾರ್ಗಿತಾಗೆ ಹೇಳಿದ್ದೀನಿ, ನಿನ್ನ ಮಾತೇ ನನ್ನ ಮಾತು ಅಂತ," ಎಂದ. ಒಂದೊಂದು ಪದಕ್ಕೂ ನಿಂತು ಉಸಿರು ಎಳೆದುಕೊಳ್ಳುತ್ತಿದ್ದ.

"ಮಾಡ್ತೀನಿ ಹೋಗು. ನೀನು ವಾಪಸ್ ಬರೋಷ್ಟ್ರಲ್ಲಿ ನಿನ್ನ ಗೋಡೆ ಹಾಗೇ ಇರುತ್ತೆ."

"ಮೊದಲು ಕಲ್ಲು," ಎಂದ. ಆಂಬ್ಯುಲೆನ್ಸಿನ ಬಾಗಿಲು ಮುಚ್ಚಿಕೊಂಡಿತು.

ಶನಿವಾರ, ಭಾನುವಾರ ಸುಸೂತ್ರವಾಗಿ ಕಳೆದವು. ಮಾರ್ಗಿತಾ ಅವರಿಗೆ ಇಂಗ್ಲಿಷ್ ಬಾರದು, ನನಗೆ ಅವರ ಭಾಷೆ ಬಾರದು. ವಿಡಿಯೋ ಕರೆಯಲ್ಲಿ ಅವರು ತಲೆವಸ್ತ್ರ ಕಟ್ಟಿಕೊಂಡು ಹೊಸ್ತಿಲಲ್ಲಿ ನಿಂತು ಕಲ್ಲು ತೋರಿಸುವರು, ನಾನು ಎರಡರಲ್ಲಿ ಒಂದು ಮಾತು ಹೇಳುವೆ, ಅವರು ತಲೆಯಾಡಿಸುವರು. ಹೆಚ್ಚಿನದೇನಾದರೂ ಇದ್ದರೆ ಫೋನಿನ ಅನುವಾದದ ಆ್ಯಪಿನಲ್ಲಿ ಬರೆದು ಕಳಿಸುವುದು. ಎರಡು ದಿನವೂ ಅಲ್ಲಿ ದಟ್ಟ ಮಂಜು ಕವಿದಿತ್ತು. ಕಲ್ಲು ಒದ್ದೆಯಾಗಿತ್ತು, ಚೌಕ ಕೆಂಪಾಗಿತ್ತು. ಜವ್ರಿತೆ, ಮುಚ್ಚಿ, ಎಂದೆ.

ಸೋಮವಾರ ಆ ಕಡೆ ಇದ್ದಕ್ಕಿದ್ದಂತೆ ಬಿಸಿಲೇರಿತು. ರಾತ್ರಿ ಮಳೆ ಸುರಿದು ಬೆಳಗ್ಗೆ ಸೆಕೆ. ಮಾರ್ಗಿತಾ ಅವರ ಹಿಂದೆ ಮರದಲ್ಲಿ ಹಕ್ಕಿಗಳು ಗಲಾಟೆ ಮಾಡುತ್ತಿದ್ದವು. ಸೆನ್ಸರಿನಲ್ಲಿ ಒಳಗೆ ಎಂಬತ್ತಾರು, ಹೊರಗೆ ಐವತ್ತೈದು. ಚೌಕ ಹಸಿರು. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಮೈಸೂರಿನಲ್ಲಿ ನಮ್ಮ ಬೀದಿಯಲ್ಲಿ ಬೆಳಗಾದ ಮೇಲೂ ಬಾಗಿಲು ಮುಚ್ಚಿದ್ದರೆ ಅಕ್ಕಪಕ್ಕದವರು ಬಂದು ವಿಚಾರಿಸುತ್ತಿದ್ದರು, ಮನೆಯಲ್ಲಿ ಎಲ್ಲ ಸರಿಯಾಗಿದೆಯೇ ಎಂದು. ಮುಚ್ಚಿದ ಬಾಗಿಲು ಕಂಡರೆ ನಮಗೆ ಆಗುವುದೇ ಇಲ್ಲ. ಮೇಲಾಗಿ ಆ ತಿಂಗಳು ರೇಡಿಯೋ, ಟಿವಿ, ಪೃಥ್ವಿ, ನಮ್ಮ ಆಫೀಸಿನ ಎಚ್‌ಆರ್, ಎಲ್ಲರ ಬಾಯಲ್ಲೂ ಕಿಟಕಿ ತೆಗೆಯಿರಿ ಎಂಬುದೊಂದೇ ಮಂತ್ರ. ಗಾಳಿ ಆಡಿದರೆ ರೋಗ ಹೋಗುತ್ತದೆ.

ಮಾರ್ಗಿತಾ ಕಲ್ಲನ್ನು ಕ್ಯಾಮೆರಾಕ್ಕೆ ಹಿಡಿದರು. ಅದರಿಂದ ನೀರು ಇಳಿಯುತ್ತಿತ್ತು.

"ಓತ್ವೊರ್ತೆ," ಎಂದೆ. ತೆರೆಯಿರಿ.

ಅವರು ಅಲ್ಲಾಡಲಿಲ್ಲ. ಕಲ್ಲನ್ನು ಸೆರಗಿನಂಥ ಬಟ್ಟೆಯಿಂದ ಒರೆಸಿ, ಮತ್ತೆ ತೋರಿಸಿದರು. ನೋಡನೋಡುತ್ತಿದ್ದಂತೆ ಅದು ಮತ್ತೆ ಮಂಜುಮಂಜಾಯಿತು. ನನಗೆ ಒಂಬತ್ತಕ್ಕೆ ಮೀಟಿಂಗ್ ಇತ್ತು, ಇನ್ನೂ ಏಳೂ ಹತ್ತು, ಆದರೂ ತಾಳ್ಮೆ ಇರಲಿಲ್ಲ. ಹಸಿರು ಚೌಕವನ್ನು ಫೋಟೊ ತೆಗೆದು ಅವರಿಗೆ ಕಳಿಸಿದೆ. "ಓತ್ವೊರ್ತೆ, ಓತ್ವೊರ್ತೆ," ಎಂದೆ, ದೊಡ್ಡ ದನಿಯಲ್ಲಿ. ನನ್ನ ಮಾತೇ ಶ್ಟೆಫಾನ್‌ನ ಮಾತು ಎಂದು ಅವನೇ ಹೇಳಿದ್ದನಲ್ಲ. ಮಾರ್ಗಿತಾ ಬೀಗದ ಕೈ ತಿರುಗಿಸಿದರು. ಬಾಗಿಲೂ ಆರು ಕಿಟಕಿಯೂ ಸಂಜೆಯವರೆಗೆ ತೆರೆದೇ ಇದ್ದವು.

ಮಂಗಳವಾರವೂ ಹಾಗೆಯೇ ಆಯಿತು. ಬುಧವಾರ ಕೂಡ. ಮೂರು ದಿನವೂ ಅವರು ಒದ್ದೆ ಕಲ್ಲನ್ನು ತೋರಿಸಿದರು, ಮೂರು ದಿನವೂ ನಾನು ತೆರೆಸಿದೆ. ಬುಧವಾರ ಅವರು ಒರೆಸಿ ತೋರಿಸಲೂ ಹೋಗಲಿಲ್ಲ.

ಗುರುವಾರ ಕರೆ ಬಂದಾಗ ಅವರು ಹೊಸ್ತಿಲಲ್ಲಿ ಇರಲಿಲ್ಲ, ಗೋಡೆಯ ಮುಂದೆ ನಿಂತಿದ್ದರು. ಕಲ್ಲುಹಾಸಿನ ಮೇಲೆ ಬಣ್ಣದ ಪುಡಿ, ಉಗುರಿನಷ್ಟು, ಕಾಸಿನಷ್ಟು ಚಕ್ಕೆಗಳು. ಮೇಲೆ, ಹೂಜಿ ಹಿಡಿದವಳ ಮುಖ ಇದ್ದ ಕಡೆ ತಟ್ಟೆಯಗಲದ ಬೋಳು ಗಾರೆ. ಹೂಜಿ ಇತ್ತು, ಕೈ ಇತ್ತು, ಹಿಂತಿರುಗಿದ ಕತ್ತು ಇತ್ತು. ಮಾರ್ಗಿತಾ ಅವರ ಪಕ್ಕದಲ್ಲಿ ಮೊಟ್ಟೆ ಇಡುವ ರಟ್ಟಿನ ತಟ್ಟೆ, ಅದರ ಗುಳಿಗಳಲ್ಲಿ ಹತ್ತಿ. ಬಗ್ಗಿ ಒಂದೊಂದೇ ಚಕ್ಕೆಯನ್ನು ಕುಂಚದ ತುದಿಯಿಂದ ಎತ್ತಿ ಅದರಲ್ಲಿ ಇಡುತ್ತಿದ್ದರು. ಬಯ್ಯಲಿಲ್ಲ, ಅಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ.

ಆವತ್ತು ಕೂತು ಓದಿದೆ. ಮೊದಲೇ ಓದಬೇಕಾಗಿದ್ದನ್ನು. ಸೆನ್ಸರು ಹೇಳುತ್ತಿದ್ದ ಐವತ್ತೈದು, ಎಂಬತ್ತಾರು ಎಂಬ ಅಂಕಿಗಳನ್ನು ಹಾಗೆ ನೇರವಾಗಿ ಹೋಲಿಸುವಂತಿಲ್ಲ. ಬೆಚ್ಚಗಿನ ಗಾಳಿ ತಣ್ಣನೆಯ ಗಾಳಿಗಿಂತ ಎಷ್ಟೋ ಹೆಚ್ಚು ನೀರು ಹೊತ್ತಿರುತ್ತದೆ. ಚಳಿಗಾಲವಿಡೀ ತಣ್ಣಗಾಗಿದ್ದ ಗೋಡೆಗೆ ಆ ಗಾಳಿ ತಾಗಿದರೆ ನೀರು ಅಲ್ಲೇ ಕೂರುತ್ತದೆ, ಬಣ್ಣದ ಹಿಂದೆ ಇಳಿಯುತ್ತದೆ. ಕಲ್ಲು ಹೇಳುತ್ತಿದ್ದದ್ದು ಅದನ್ನೇ. ಶ್ಟೆಫಾನ್ ಇಷ್ಟೆಲ್ಲ ವಿವರಿಸಲಿಲ್ಲ, ಮೂರು ಪದದಲ್ಲಿ ಹೇಳಿದ್ದ. ನಾನು ನನ್ನ ಬಣ್ಣದ ಚೌಕಕ್ಕೆ ಮಾರುಹೋಗಿದ್ದೆ. ಆ ಪುಟವನ್ನು ಅಲ್ಲೇ ಅಳಿಸಿಹಾಕಿದೆ.

ಮಾರ್ಗಿತಾಗೆ ಆ್ಯಪಿನಲ್ಲಿ ಬರೆದೆ: 'ತಪ್ಪು ನನ್ನದು. ಶ್ಟೆಫಾನ್‌ಗೆ ಏನು ಹೇಳಲಿ?'

ಉತ್ತರ ಬಂತು: 'ರೋಗಿಗೆ ಈಗ ಏನೂ ಹೇಳುವುದು ಬೇಡ.'

ಶುಕ್ರವಾರ, ಗುಡ್ ಫ್ರೈಡೆಯ ಮಧ್ಯಾಹ್ನ, ಅವನೇ ಆಸ್ಪತ್ರೆಯಿಂದ ವಿಡಿಯೋ ಕರೆ ಮಾಡಿದ. ಯಾರೋ ನರ್ಸು ಫೋನು ಹಿಡಿದಿದ್ದರು. ಮೂಗುಬಾಯಿಗೆ ಆಕ್ಸಿಜನ್ನಿನ ಮಾಸ್ಕು. ಅದನ್ನು ಒಂದಿಷ್ಟು ಸರಿಸಿ ಮಾತಾಡಿದ.

"ಇವತ್ತು ಸಾಯಂಕಾಲ ವೆಂಟಿಲೇಟರ್ ಹಾಕ್ತಾರಂತೆ. ಗೋಡೆ ಹೇಗಿದೆ?"

"ಗ್ರ್ಯಾಂಡ್," ಎಂದೆ.

"ಒಂದು ಫೋಟೊ ಕಳಿಸು. ಅವಳದು. ಹೂಜಿ ಹಿಡಿದವಳದು. ನೋಡಿ ಮಲಗ್ತೀನಿ."

ಫೋನಿಟ್ಟು ಪೃಥ್ವಿಗೆ ಕರೆ ಮಾಡಿದೆ. ವಾರ್ಡಿನಿಂದ ಹೊರಗೆ ಬಂದು ಮಾತಾಡಿದ. ನಾನು ಎಲ್ಲ ಹೇಳಿದೆ, ಅಳುತ್ತಲೇ.

"ನಿಜ ಹೇಳ್ಬಿಡ್ಲಾ?" ಎಂದೆ.

"ನಾಗಮಣಿ, ಇವತ್ತು ಬೆಳಗ್ಗೆಯಿಂದ ಇಬ್ಬರಿಗೆ ಟ್ಯೂಬ್ ಹಾಕಿದೀನಿ. ಅವರ ಮನೆಯವರು ಕೊನೇಲಿ ಏನು ಹೇಳಿದ್ರು ಅಂತ ನಂಗೊತ್ತು. ಯಾರೂ ನಿಜ ಹೇಳಲ್ಲ ಕಣೇ. ನಿನ್ನ ಹತ್ರ ಗೋಡೆಯ ಹಳೇ ಫೋಟೊ ಇರುತ್ತಲ್ಲ, ಅದರಲ್ಲಿ ಒಂದು ಕಳಿಸು. ನೆಮ್ಮದಿಯಾಗಿ ಮಲಗ್ಲಿ."

ಶ್ಟೆಫಾನ್ ಒಂದು ಸಲ ತನ್ನ ಫೋಟೊಗಳನ್ನೆಲ್ಲ ನನಗೆ ಹಂಚಿದ್ದ. ನಾನೂರಕ್ಕೂ ಹೆಚ್ಚು. ಎಲ್ಲವನ್ನೂ ಒಟ್ಟಿಗೆ ಕಾಪಿ ಮಾಡಿದ್ದರಿಂದ ಎಲ್ಲದರ ಮೇಲೂ ಒಂದೇ ತಾರೀಕು ಬಿದ್ದಿತ್ತು, ಯಾವುದು ಯಾವ ವರ್ಷದ್ದು ತಿಳಿಯುತ್ತಿರಲಿಲ್ಲ. ಮುಖ ಚೆನ್ನಾಗಿ ಕಾಣುವ ಒಂದನ್ನು ಆರಿಸಿದೆ. ಬಿಸಿಲು ಓರೆಯಾಗಿ ಬಿದ್ದಿತ್ತು. ಹೂಜಿಯವಳು ನೇರ ನನ್ನ ಕಣ್ಣನ್ನೇ ನೋಡುತ್ತಿದ್ದಳು. ಒಂದು ಮೂಲೆಯಲ್ಲಿ ಏಣಿಯ ತುದಿ, ಅದರ ಮೇಲೆ ಯಾವುದೋ ನೀಲಿ ಬಟ್ಟೆ. ಮಾರ್ಗಿತಾ ಅವರ ಒರೆಸುವ ಬಟ್ಟೆ ಇರಬೇಕು ಎಂದುಕೊಂಡು, 'ಇವತ್ತು ಬೆಳಗ್ಗೆ ತೆಗೆದದ್ದು' ಎಂದು ಬರೆದು ನಾಲ್ಕು ಗಂಟೆಗೆ ಕಳಿಸಿದೆ.

ಎರಡು ನೀಲಿ ಟಿಕ್ ಬಂದವು. ನೋಡಿದ್ದಾನೆ. ಬಹಳ ಹೊತ್ತು ಏನೂ ಬರಲಿಲ್ಲ. ಏನೋ ಬರೆಯುತ್ತಿದ್ದಾನೆ ಎಂದು ತೋರಿಸಿತು, ನಿಂತಿತು, ಮತ್ತೆ ತೋರಿಸಿತು. ಕಡೆಗೆ ಒಂದೇ ಪದ ಬಂತು. ಗ್ರ್ಯಾಂಡ್.

ಅದಾದ ಮೇಲೆ ಅವನು ಎಚ್ಚರಾಗಲಿಲ್ಲ. ಒಂಬತ್ತನೆಯ ದಿನ, ಭಾನುವಾರ, ತೀರಿಕೊಂಡ. ಶವದ ಕಾರು ನಮ್ಮ ರಸ್ತೆಯಲ್ಲಿ ನಿಧಾನವಾಗಿ ಹೋಯಿತು. ಎಲ್ಲರೂ ತಂತಮ್ಮ ಗೇಟಿನ ಮುಂದೆ ನಿಂತರು. ಯಾರೋ ಲಿಫ್ಟಿನ ಕಂಪನಿಯವರು ಅವನ ಹಳದಿ ಹೆಲ್ಮೆಟ್ಟನ್ನು ಪೆಟ್ಟಿಗೆಯ ಮೇಲೆ ಇಟ್ಟಿದ್ದರು. ಬೂದಿಯನ್ನು ಊರಿಗೆ ಕಳಿಸಲು ವಿಮಾನ ಸರಿಯಾಗಿ ಇರಲಿಲ್ಲವಾಗಿ ಅದು ಎರಡು ತಿಂಗಳು ಶವಸಂಸ್ಕಾರದವರ ಕಪಾಟಿನಲ್ಲೇ ಕಾಯಿತು. ನಡುಗೋಡೆಯ ಆಚೆ ಸದ್ದಿಲ್ಲ. ಬೆಳಗ್ಗೆ ಏಳಕ್ಕೆ ಕಾಫಿ ಸೋಸುವಾಗ ನನ್ನ ಕಿವಿ ಗೋಡೆಯ ಕಡೆಗೇ ಇರುತ್ತಿತ್ತು. ಆಮೇಲೆ ನಾನೇ ಫೋನು ಮಾಡುತ್ತಿದ್ದೆ.

ಹೌದು, ಫೋನು ಮಾಡುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಬೇಕೆಂದು ದಿನಾ ಅನ್ನಿಸುತ್ತಿತ್ತು. ಮಾರ್ಗಿತಾ ಅವರಿಗೆ ಕಲ್ಲು ಸಾಕಾಗಿತ್ತು, ನಾನು ಯಾತಕ್ಕೂ ಬೇಕಾಗಿರಲಿಲ್ಲ. ಆದರೂ ಏಳಾದರೆ ಅವರು ಕಲ್ಲು ಹಿಡಿದು ಫೋನಿನ ಮುಂದೆ ನಿಂತಿರುತ್ತಿದ್ದರು. ಈಗ ನಾನು ಕಲ್ಲನ್ನು ಮಾತ್ರ ನೋಡುತ್ತಿದ್ದೆ. ಒಣಗಿದ್ದರೆ ತೆರೆಯಿರಿ, ಬೆವರಿದ್ದರೆ ಮುಚ್ಚಿ. ಬೀಳಬೇಕಾದದ್ದು ಬಿದ್ದ ಮೇಲೆ ಬಂದ ಬುದ್ಧಿ.

ಮುಖ ಬಿದ್ದದ್ದು ಒಂದು ನೋವು. ಅದನ್ನು ಹೇಗೋ ನುಂಗಿಕೊಳ್ಳಬಹುದಿತ್ತೇನೋ. ನನ್ನನ್ನು ಒಳಗೇ ತಿನ್ನುತ್ತಿದ್ದದ್ದು ಆ ಫೋಟೊ. ಒಬ್ಬ ಮನುಷ್ಯ ಕಡೆಯದಾಗಿ ನನ್ನನ್ನು ಕೇಳಿದ್ದು ಒಂದು ನಿಜ. ಅದಕ್ಕೆ ನಾನು ಸುಳ್ಳು ಕೊಟ್ಟೆ. ನಂಬಿ ಕಣ್ಣು ಮುಚ್ಚಿದ. ಪೃಥ್ವಿ ಹೇಳಿದ ಎನ್ನಬಹುದು, ಆದರೆ ಕಳಿಸಿದ ಬೆರಳು ನನ್ನದು. ಊಟ ಸೇರುತ್ತಿರಲಿಲ್ಲ. ಆಫೀಸಿನ ಮೀಟಿಂಗಿನಲ್ಲಿ ಕ್ಯಾಮೆರಾ ಆರಿಸಿ ಅಳುತ್ತಿದ್ದೆ. ಸಿಟ್ಟು ಕೂಡ ಬರುತ್ತಿರಲಿಲ್ಲ. ನನಗೆ ಸಿಟ್ಟು ಬಾರದಿದ್ದುದನ್ನು ಕಂಡು ಪೃಥ್ವಿ ಹೆದರಿದ.

ಮೇ ಕೊನೆಯಲ್ಲಿ ಒಂದು ಸಂಜೆ ಮಾರ್ಗಿತಾಗೆ ಎಲ್ಲವನ್ನೂ ಬರೆದೆ. ಅವನು ಫೋಟೊ ಕೇಳಿದ್ದು, ನಾನು ಹಳೆಯದನ್ನು ಇವತ್ತಿನದು ಎಂದು ಕಳಿಸಿದ್ದು, ಅವನು ಗ್ರ್ಯಾಂಡ್ ಎಂದದ್ದು. 'ಅವನಿಗೆ ಮೋಸ ಮಾಡಿ ಕಳಿಸಿಕೊಟ್ಟೆ. ನಾಳೆಯಿಂದ ನಾನು ಫೋನು ಮಾಡುವುದಿಲ್ಲ. ನನಗೆ ಆ ಯೋಗ್ಯತೆ ಇಲ್ಲ,' ಎಂದೂ ಬರೆದೆ. ಕಳಿಸಿದ ಫೋಟೊವನ್ನೂ ಜೊತೆಗೆ ಹಾಕಿದೆ.

ರಾತ್ರಿಯೆಲ್ಲ ಉತ್ತರವಿಲ್ಲ. ಬೆಳಗ್ಗೆ ಆರೂವರೆಗೆ ಒಂದು ಸಂದೇಶ ಬಂತು. ಮಾರ್ಗಿತಾ ಬರೆದದ್ದು ಎರಡೇ ಸಾಲು. 'ಇದನ್ನು ನಿನಗೆ ತೋರಿಸಬಾರದು ಎಂದು ಅವನು ಹೇಳಿದ್ದ. ನಾನು ಅವನ ಟೀಚರಾಗಿದ್ದೆ, ಅವನ ಒಂದು ಮಾತು ಮೀರುವ ಹಕ್ಕು ನನಗಿದೆ.' ಅದರ ಕೆಳಗೆ ಶ್ಟೆಫಾನ್ ಅವರಿಗೆ ಆಸ್ಪತ್ರೆಯಿಂದ ಕಳಿಸಿದ್ದ ಸಂದೇಶ. ಗುಡ್ ಫ್ರೈಡೆ, ಇಲ್ಲಿನ ಲೆಕ್ಕದಲ್ಲಿ ನಾಲ್ಕು ಗಂಟೆ ಹನ್ನೊಂದು ನಿಮಿಷ. ನಾನು ಫೋಟೊ ಕಳಿಸಿದ ಹನ್ನೊಂದು ನಿಮಿಷಕ್ಕೆ.

ಆ್ಯಪಿಗೆ ಹಾಕಿ, ಮತ್ತೆ ಮತ್ತೆ ಹಾಕಿ, ಓದಿದೆ.

'ಟೀಚರ್, ನಾಗಮಣಿ ಒಂದು ಫೋಟೊ ಕಳಿಸಿದ್ದಾಳೆ, ಇವತ್ತಿನದು ಎಂದು. ಅದರಲ್ಲಿ ಏಣಿಯ ಮೇಲೆ ಜುಜಾನಾಳ ನೀಲಿ ಸ್ವೆಟರ್ ಇದೆ. ಅದನ್ನು ತೊಡಿಸಿಯೇ ನಾವು ಅವಳನ್ನು ಮಣ್ಣು ಮಾಡಿದ್ದು. ಹಾಗಾದರೆ ಗೋಡೆಯ ಬಣ್ಣ ಬಿದ್ದಿದೆ. ಎಷ್ಟು ಬಿದ್ದಿದೆ ಎಂದು ನನಗೆ ಹೇಳಬೇಡಿ. ಅವಳನ್ನು ಬಯ್ಯಬೇಡಿ. ನನಗೆ ಗೊತ್ತಾಯಿತು ಎಂದು ಅವಳಿಗೆ ಹೇಳಬೇಡಿ, ಪಾಪ, ಕಷ್ಟಪಟ್ಟು ಹುಡುಕಿದ್ದಾಳೆ. ಬೆಳಗಿನ ಫೋನು ಮಾತ್ರ ನಿಲ್ಲಿಸಲು ಬಿಡಬೇಡಿ. ನಿಲ್ಲಿಸಿದರೆ ಅವಳು ಇದನ್ನೇ ಹೊತ್ತುಕೊಂಡು ಒಬ್ಬಳೇ ಕೂರುತ್ತಾಳೆ. ಗೋಡೆಯ ಮೇಲೆ ಇನ್ನೂ ಯಾರಾದರೂ ಉಳಿದಿರುತ್ತಾರೆ, ಅವರನ್ನು ನೋಡಿಕೊಳ್ಳಿ. ಆ ಸ್ವೆಟರನ್ನು ನೋಡಿ ಹನ್ನೆರಡು ವರ್ಷವಾಗಿತ್ತು.'

ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ನಾನು ಅವನಿಗೆ ನೆಮ್ಮದಿ ಕೊಟ್ಟೆ ಎಂದೂ, ಅದು ಸುಳ್ಳಿನ ನೆಮ್ಮದಿ ಎಂದೂ ಎರಡು ತಿಂಗಳು ಸುಟ್ಟುಕೊಂಡಿದ್ದೆ. ಅವನು ಎಲ್ಲ ತಿಳಿದೇ, ಉಸಿರಿಲ್ಲದೆ, ಆ ಹನ್ನೊಂದು ನಿಮಿಷವನ್ನು ನನಗಾಗಿ ಖರ್ಚು ಮಾಡಿದ್ದ. ಗ್ರ್ಯಾಂಡ್ ಎಂದು ಸುಳ್ಳು ಹೇಳಿದವಳು ನಾನೊಬ್ಬಳೇ ಅಲ್ಲ.

ಏಳಾಯಿತು. ಕರೆ ಮಾಡಿದೆ. ಮಾರ್ಗಿತಾ ಹೊಸ್ತಿಲಲ್ಲಿ ನಿಂತಿದ್ದರು, ಬಾಗಿಲು ಎಳೆದುಕೊಂಡು, ಒಂದು ಕೈಯಲ್ಲಿ ಬೀಗದ ಕೈ, ಇನ್ನೊಂದರಲ್ಲಿ ಕಲ್ಲು. ಕಲ್ಲನ್ನು ಕ್ಯಾಮೆರಾಕ್ಕೆ ಹಿಡಿದರು. ಮೇಲೆಲ್ಲ ಹನಿ. ನನಗೆ ಹೇಳಬೇಕಾದ ಮಾತು ಗೊತ್ತಿತ್ತು. ಬಾಯಿ ತೆರೆದರೆ ಅಳು ಬಂತು. ಅವರಿಗೆ ಕಲ್ಲು ಕಾಣುತ್ತಿತ್ತು, ಬೀಗ ಹಾಕಿಕೊಂಡು ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಎಪ್ಪತ್ತಾರು ವರ್ಷದ ಹೆಂಗಸು ತೋಳು ನಡುಗುತ್ತಿದ್ದರೂ ಕಲ್ಲನ್ನು ಇಳಿಸದೆ, ಹಾಗೆಯೇ ಹಿಡಿದುಕೊಂಡು ಕಾದರು.

"ಜವ್ರಿತೆ," ಎಂದೆ ಕಡೆಗೆ.

ಅವರು ತಲೆಯಾಡಿಸಿ ಬೀಗ ಹಾಕಿದರು.